‘ಹೋಗಿದೆ’ ಅಂದ್ರೆ ಏನು ಹೋಗಿದೆ?

‘ಕೀಬೋರ್ಡ್ ಇಲ್ಲ. ಮುಂದುವರಿಯಲು ಎಫ್1 ಒತ್ತಿ.’

ಹಳೇ ಕಂಪ್ಯೂಟರ್ ಬಳಸಿದವರಿಗೆಲ್ಲ ಈ ವಾಕ್ಯ ಗೊತ್ತು. ಕಪ್ಪು ಪರದೆ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳಲ್ಲಿ ಬರ್ತಿತ್ತು. ಇಲ್ಲದ ಕೀಬೋರ್ಡಿನ ಕೀ ಒತ್ತೋದು ಹೇಗೆ ಸ್ವಾಮಿ ಅಂತ ಫಾರ್ವರ್ಡ್ ಮೇಲ್‌ಗಳಲ್ಲಿ ಜನ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕವನೇ.

ಆದರೆ ಸ್ವಲ್ಪ ನ್ಯಾಯವಾಗಿ ಓದಿ ನೋಡಿ. ಅದು ಪೆದ್ದ ವಾಕ್ಯವಲ್ಲ, ಅರ್ಧ ನುಂಗಿದ ವಾಕ್ಯ. ಬರೆದವನ ಮನಸ್ಸಿನಲ್ಲಿ ಇದ್ದದ್ದು ಇಷ್ಟು: ‘ಕೀಬೋರ್ಡ್ ಸಿಗ್ತಾ ಇಲ್ಲ. ಹಿಂದೆ ವೈರ್ ಸರಿಯಾಗಿ ಕೂತಿದೆಯಾ ನೋಡಿ, ಸಿಗಿಸಿ, ಆಮೇಲೆ ಎಫ್1 ಒತ್ತಿ.’ ನಡುವಿನ ಮಾತು ಬಿಟ್ಟುಹೋಗಿದೆ. ಬರೆದ ಇಂಜಿನಿಯರಿಗೆ ಅದು ಹೇಳುವ ಅಗತ್ಯವೇ ಇರಲಿಲ್ಲ, ಯಾಕಂದ್ರೆ ಅವನಿಗೆ ಗೊತ್ತಿತ್ತು. ಓದುವವನಿಗೆ ಬೇಕಾಗಿದ್ದು ಮಾತ್ರ ಆ ಬಿಟ್ಟುಹೋದ ಮಾತೇ.

ಸಾಹಿತ್ಯ ವಿಮರ್ಶೆ ಅಂತ ನಾವು ಕಥೆ, ಕವನ, ಕಾದಂಬರಿ ಬಗ್ಗೆ ಬರೀತೀವಿ. ಕಂಪ್ಯೂಟರ್ ಸ್ಟಾರ್ಟ್ ಆಗದೇ ಇದ್ದಾಗ ಓದಬೇಕಾಗುವ ಬರಹದ ಬಗ್ಗೆ ಯಾರೂ ಬರೆಯಲ್ಲ. ಪರದೆ ಮೇಲಿನ ಎರಡು ಸಾಲು, ಮದರ್‌ಬೋರ್ಡ್ ಜೊತೆ ಬರುವ ಪುಸ್ತಿಕೆಯ ಕೊನೆ ಪುಟ, ಪೇಪರಿನ ಕಂಪ್ಯೂಟರ್ ಅಂಕಣ, ಇವೂ ಬರಹವೇ ತಾನೇ? ಕವನ ಅರ್ಥವಾಗದೇ ಹೋದರೆ ಪುಟ ತಿರುಗಿಸ್ತೀವಿ. ಇವು ಅರ್ಥವಾಗದೇ ಹೋದರೆ ದುಡ್ಡು ಹೋಗುತ್ತೆ, ಕೆಲವು ಸಲ ದುಡ್ಡು ಕೊಟ್ಟರೂ ವಾಪಸ್ ಬರದೇ ಇರೋದು ಹೋಗುತ್ತೆ. ಹಾಗಾಗಿ ಇವತ್ತು ಈ ಬರಹಗಳದ್ದೇ ವಿಮರ್ಶೆ.

ಮೊದಲು ಶಬ್ದದಿಂದ ಶುರು ಮಾಡೋಣ. ಪವರ್ ಬಟನ್ ಒತ್ತಿದ ತಕ್ಷಣ ಕಂಪ್ಯೂಟರ್ ವಿಂಡೋಸ್ ಹುಡುಕಿಕೊಂಡು ಹೋಗಲ್ಲ. ಮೊದಲು ತನ್ನ ಮೈಯನ್ನೇ ಮುಟ್ಟಿ ನೋಡಿಕೊಳ್ಳುತ್ತೆ. ಬೋರ್ಡಿನ ಮೇಲಿರುವ ಬಯೋಸ್ ಅನ್ನೋ ಪುಟ್ಟ ಪ್ರೋಗ್ರಾಮು ಪ್ರೊಸೆಸರ್, ರ್ಯಾಮ್, ಡಿಸ್ಪ್ಲೇ, ಕೀಬೋರ್ಡ್ ಎಲ್ಲ ಇದಾವಾ ಅಂತ ಒಂದೊಂದಾಗಿ ಕೇಳುತ್ತೆ. ಈ ಹಾಜರಿ ಕರೆಯುವುದಕ್ಕೆ ಪೋಸ್ಟ್ ಅಂತ ಹೆಸರು. ಎಲ್ಲ ಸರಿ ಇದ್ದರೆ 1981ರ ಐಬಿಎಂ ಪಿಸಿ ಕಾಲದಿಂದಲೂ ಒಂದು ಚಿಕ್ಕ ‘ಬೀಪ್’. ಡಿಸ್ಪ್ಲೇಗಿಂತ ಮೊದಲೇ ಏನಾದರೂ ಕೆಟ್ಟಿದ್ದರೆ ಪರದೆ ಮೇಲೆ ಬರೆಯುವ ಹಾಗಿಲ್ಲ, ಹಾಗಾಗಿ ಬೀಪ್‌ನಲ್ಲೇ ಹೇಳಬೇಕು.

ಇದೊಂದು ಒಳ್ಳೇ ಯೋಚನೆ. ಬಾಯಿ ಕಟ್ಟಿದವನು ಗೋಡೆ ಬಡಿದು ಹೇಳಿದ ಹಾಗೆ. ಆದರೆ ಭಾಷೆ ಅಂದಮೇಲೆ ಇಬ್ಬರಿಗೂ ಒಂದೇ ಅರ್ಥ ಆಗಬೇಕಲ್ಲ? ಡಿಸ್ಪ್ಲೇ ತೊಂದರೆ ಅಂದ್ರೆ ಅವಾರ್ಡ್ ಕಂಪನಿಯ ಬಯೋಸ್ ಒಂದು ಉದ್ದ, ಎರಡು ಗಿಡ್ಡ ಬೀಪ್ ಹೊಡೆಯುತ್ತೆ. ಎಎಂಐ ಬಯೋಸ್ ಆದರೆ ಎಂಟು ಸಲ ಹೊಡೆಯುತ್ತೆ. ಕಾಯಿಲೆ ಒಂದೇ, ನರಳೋದು ಎರಡು ಥರ. ಯಾವ ಬಯೋಸ್ ಅಂತ ತಿಳಿಯಬೇಕಾದರೆ ಪರದೆ ನೋಡಬೇಕು. ಪರದೆಯಲ್ಲಿ ಏನೂ ಬರ್ತಿಲ್ಲ ಅಂತಲೇ ಅಲ್ವಾ ಬೀಪ್ ಕೇಳಿಸ್ಕೊಳ್ತಾ ಕೂತಿರೋದು! ಇತ್ತೀಚೆಗಂತೂ ಎಷ್ಟೋ ಹೊಸ ಕ್ಯಾಬಿನೆಟ್‌ಗಳಲ್ಲಿ ಆ ಪುಟಾಣಿ ಸ್ಪೀಕರ್ ಇರೋದೇ ಇಲ್ಲ. ಗೋಡೆ ಬಡಿಯೋ ಕೈಯನ್ನೂ ಕಟ್ಟಿದ ಹಾಗಾಯ್ತು.

1984ರ ಮ್ಯಾಕಿಂತೋಶ್ ಇನ್ನೊಂದು ದಾರಿ ಹಿಡಿಯಿತು. ಸರಿಯಾಗಿ ಶುರುವಾದರೆ ನಗುವ ಪುಟ್ಟ ಕಂಪ್ಯೂಟರ್ ಚಿತ್ರ, ಕೆಟ್ಟಿದ್ದರೆ ಕಣ್ಣಿನ ಜಾಗದಲ್ಲಿ ಗುಣಾಕಾರ ಚಿಹ್ನೆ ಇರೋ ಅಳುಮೋರೆಯ ಚಿತ್ರ. ಸೂಸನ್ ಕೇರ್ ಅನ್ನೋ ಕಲಾವಿದೆ ಬಿಡಿಸಿದ್ದು. ಚೆನ್ನಾಗಿದೆ, ಕರುಣೆ ಹುಟ್ಟುತ್ತೆ. ಆದರೆ ಅದರ ಕೆಳಗೆ ಇರ್ತಿದ್ದದ್ದು ಬರೀ ಒಂದು ಸಂಕೇತ ಸಂಖ್ಯೆ. ದುಃಖ ನಮಗೆ, ಮಾಹಿತಿ ಇಂಜಿನಿಯರಿಗೆ.

ಇನ್ನು ಪುಸ್ತಿಕೆಗಳು. ಇವುಗಳ ಕೊನೆಯಲ್ಲಿ ತೊಂದರೆ ಪರಿಹಾರ ಅಂತ ಒಂದು ಪುಟ ಇರುತ್ತೆ. ಹೆಚ್ಚುಕಮ್ಮಿ ಎಲ್ಲದರ ನಡಿಗೆಯೂ ಒಂದೇ. ವೈರ್ ಸರಿಯಾಗಿ ಸಿಗಿಸಿದ್ದೀರಾ? ಸ್ವಿಚ್ ಹಾಕಿದ್ದೀರಾ? ಮಾನಿಟರ್ ಆನ್ ಇದೆಯಾ? ಇಲ್ಲವಾದರೆ ನಿಮ್ಮ ಡೀಲರನ್ನು ಸಂಪರ್ಕಿಸಿ.

ಮೊದಲ ಮೂರು ಪ್ರಶ್ನೆ ಓದಿದರೆ ನಮಗೆ ಸಿಟ್ಟು ಬರುತ್ತೆ, ಅಷ್ಟೂ ಗೊತ್ತಿಲ್ವಾ ನಮಗೆ ಅಂತ. ನನ್ನ ಅನುಭವದಲ್ಲಿ ಇಡೀ ಪುಟದಲ್ಲಿ ಕೆಲಸಕ್ಕೆ ಬರೋದು ಅವೇ ಮೂರು. ಕಸ ಗುಡಿಸುವಾಗ ಪ್ಲಗ್ ಅಲುಗಿರುತ್ತೆ. ಯುಪಿಎಸ್ ಬ್ಯಾಟರಿ ಸತ್ತಿರುತ್ತೆ. ಮಾನಿಟರಿನ ವೈರು ಹೊಸ ಗ್ರಾಫಿಕ್ಸ್ ಕಾರ್ಡಿಗೆ ಹಾಕೋದು ಬಿಟ್ಟು ಬೋರ್ಡಿನ ಹಳೇ ಕಿಂಡಿಗೇ ಹಾಕಿರ್ತೀವಿ. ಹಾಗಾಗಿ ಆ ಪ್ರಶ್ನೆಗಳ ಮೇಲೆ ನನಗೆ ತಕರಾರಿಲ್ಲ. ತಕರಾರು ಇರೋದು ಮೂರನೇ ಪ್ರಶ್ನೆಗೂ ಡೀಲರಿಗೂ ನಡುವೆ ಇರುವ ಹಳ್ಳದ ಬಗ್ಗೆ. ಆ ಹಳ್ಳದಲ್ಲಿ ಹತ್ತಾರು ಮೆಟ್ಟಿಲು ಕಟ್ಟಬಹುದಿತ್ತು. ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರೇ ಆದರೂ ಇಳಿದು ಹತ್ತಬಹುದಾದ ಮೆಟ್ಟಿಲು. ಪುಸ್ತಿಕೆ ಬರೆದವರು ಅದನ್ನ ಕಟ್ಟಲಿಲ್ಲ.

ನಮ್ಮ ಕನ್ನಡದವರು ಕಟ್ಟಿದರಾ? ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಬರೆಯುವವರ ಶ್ರದ್ಧೆ ಬಗ್ಗೆ ನನಗೆ ಗೌರವ ಇದೆ. ಕೀಬೋರ್ಡಿಗೆ ಕೀಲಿಮಣೆ ಅಂತ ಚಂದದ ಹೆಸರಿಟ್ಟವರು ಅವರೇ. ಆದರೆ ಕೆಟ್ಟು ನಿಂತ ಯಂತ್ರದ ಬಗ್ಗೆ ಬರೆಯುವಾಗ ನಮ್ಮ ಜಗಳವೆಲ್ಲ ನಾಮಪದದ ಸುತ್ತಲೇ ನಡೀತು. ಮದರ್‌ಬೋರ್ಡಿಗೆ ಏನನ್ನಬೇಕು, ರ್ಯಾಮಿಗೆ ಏನನ್ನಬೇಕು ಅಂತ. ‘ಪರದೆಯ ಮೇಲೆ ಯಾವುದೇ ಪ್ರದರ್ಶನವು ಗೋಚರಿಸದಿದ್ದಲ್ಲಿ’ ಅಂತ ಬರೆದು ಮುಗಿಸೋ ಹೊತ್ತಿಗೆ ಓದುಗ ಎದ್ದು ಅಂಗಡಿಗೆ ಹೋಗಿರ್ತಾನೆ. ಇನ್ನೂ ದೊಡ್ಡ ದೋಷ ಬೇರೆ ಇದೆ. ಇಂಥ ಬಹುಪಾಲು ಲೇಖನಗಳು ಪರಿಹಾರದ ಪಟ್ಟಿ ಕೊಡ್ತವೆ: ರ್ಯಾಮ್ ತೆಗೆದು ಹಾಕಿ, ಎಸ್‌ಎಂಪಿಎಸ್ ಬದಲಿಸಿ, ಬ್ಯಾಟರಿ ಬದಲಿಸಿ, ವಿಂಡೋಸ್ ಮತ್ತೆ ಹಾಕಿ. ಯಾವುದು ಮೊದಲು, ಯಾಕೆ ಮೊದಲು, ಮಾಡಿದ ಮೇಲೂ ಆಗದಿದ್ದರೆ ಅದರಿಂದ ಏನು ತಿಳೀತು ಅಂತ ಹೇಳಲ್ಲ. ಜ್ವರ ಬಂದವನಿಗೆ ಮೆಡಿಕಲ್ ಸ್ಟೋರಿನ ಸ್ಟಾಕ್ ಲಿಸ್ಟ್ ಓದಿ ಹೇಳಿದ ಹಾಗೆ.

ಈಗ ಬೆಂಗಳೂರಿನ ಎಸ್.ಪಿ. ರೋಡಿಗೆ ಬನ್ನಿ. ಅಥವಾ ನಿಮ್ಮೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಶಟರ್ ಅಂಗಡಿಗೆ ಹೋಗಿ. ಅಲ್ಲಿ ರಿಪೇರಿ ಹುಡುಗರು ಆಡೋ ಕನ್ನಡ ಕೇಳಿಸಿಕೊಳ್ಳಿ.

‘ಪವರ್ರೇ ಬರ್ತಿಲ್ಲ.’
‘ಫ್ಯಾನ್ ತಿರುಗಿ ನಿಂತೋಗ್ತಾ ಇದೆ.’
‘ಪವರ್ ಇದೆ, ಡಿಸ್ಪ್ಲೇ ಇಲ್ಲ.’
‘ಡಿಸ್ಪ್ಲೇ ಬಂತು, ಹಾರ್ಡ್‌ಡಿಸ್ಕ್ ತಗೋತಿಲ್ಲ.’
‘ವಿಂಡೋಸ್ ಲೋಗೋ ಬಂದು ರೀಸ್ಟಾರ್ಟ್ ಆಗ್ತಿದೆ.’

ನಾಮಪದ ಎಲ್ಲ ಇಂಗ್ಲಿಷು, ನಿಜ. ಆದರೆ ಕ್ರಿಯಾಪದ ನೋಡಿ: ಬರ್ತಿಲ್ಲ, ನಿಂತೋಗ್ತಾ ಇದೆ, ತಗೋತಿಲ್ಲ. ಪ್ರತಿಯೊಂದು ವಾಕ್ಯವೂ ಕಂಪ್ಯೂಟರ್ ಎಲ್ಲಿವರೆಗೆ ಬಂದು ಎಲ್ಲಿ ನಿಂತಿದೆ ಅಂತ ಕರಾರುವಾಕ್ಕಾಗಿ ಹೇಳುತ್ತೆ. ಐದು ವಾಕ್ಯ, ಐದು ನಿಲ್ದಾಣ. ಪುಸ್ತಿಕೆಯ ಹಳ್ಳದಲ್ಲಿ ಇಲ್ಲದ ಮೆಟ್ಟಿಲು ಈ ಹುಡುಗರ ಬಾಯಲ್ಲಿದೆ. ನಮ್ಮ ಲೇಖಕರು ಬರೆಯಬೇಕಾಗಿದ್ದು ಇದನ್ನೇ.

ಬರೆದರೆ ಹೇಗಿರ್ತಿತ್ತು? ಒಂದು ಪ್ರಯತ್ನ ಮಾಡ್ತೀನಿ, ತಪ್ಪಿದ್ದರೆ ಬಲ್ಲವರು ತಿದ್ದಲಿ.

ಬಟನ್ ಒತ್ತಿದಾಗ ದೀಪ, ಫ್ಯಾನ್ ಎರಡೂ ಇಲ್ಲವೇ? ಹಾಗಾದ್ರೆ ಕರೆಂಟಿನ ದಾರಿ ನೋಡಿ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ವೈರ್ ಬದಲಿಸಿ ನೋಡಿ, ಮಾನಿಟರಿನ ಪವರ್ ವೈರೇ ಸಾಮಾನ್ಯವಾಗಿ ಇದಕ್ಕೂ ಆಗುತ್ತೆ. ಆಗಲೂ ಇಲ್ಲ ಅಂದ್ರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಅಂಗಡಿಯಲ್ಲಿ ಅದನ್ನ ಬೋರ್ಡಿನಿಂದ ಬಿಡಿಸಿ, ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಒಂದು ಕಪ್ಪು ವೈರಿಗೂ ತಂತಿ ಮುಟ್ಟಿಸಿ ಫ್ಯಾನ್ ತಿರುಗುತ್ತಾ ನೋಡ್ತಾರೆ. ತಿರುಗಿದರೆ ಒಳಗೆ ಸ್ವಲ್ಪ ಜೀವ ಇದೆ ಅಂತ ಮಾತ್ರ ಗೊತ್ತಾಯ್ತು, ಪೂರ್ತಿ ಸರಿ ಇದೆ ಅಂತಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯುತ್ತೆ.

ಫ್ಯಾನ್ ಇದೆ, ಡಿಸ್ಪ್ಲೇ ಇಲ್ಲವೇ? ಮೊದಲು ಮಾನಿಟರಿನ ದೀಪದ ಬಣ್ಣ ನೋಡಿ. ಕಿತ್ತಳೆ ಬಣ್ಣ ಅಥವಾ ಮಿಣುಕು ದೀಪ ಇದ್ದರೆ ಸಾಮಾನ್ಯವಾಗಿ ಮಾನಿಟರ್ ಬದುಕಿದೆ, ಸಿಗ್ನಲ್ಲಿಗೆ ಕಾಯ್ತಿದೆ ಅಂತ. ಆಮೇಲೆ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ರ್ಯಾಮ್ ಪಟ್ಟಿ ತೆಗೆದು, ಅದರ ಹಳದಿ ಹಲ್ಲುಗಳನ್ನ ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಕೊಡವಿ, ಟಕ್ ಅನ್ನೋವರೆಗೆ ಒತ್ತಿ ಕೂರಿಸಿ. ಈ ರಬ್ಬರ್ ಚಿಕಿತ್ಸೆಯಲ್ಲಿ ಎದ್ದು ಕೂತ ಕಂಪ್ಯೂಟರ್ ನಾನೇ ಎಷ್ಟೋ ನೋಡಿದೀನಿ. ಮಳೆಗಾಲದ ತೇವಕ್ಕೂ ಧೂಳಿಗೂ ಅಲ್ಲಿ ಒಂದು ಪೊರೆ ಕಟ್ಟಿಕೊಂಡಿರುತ್ತೆ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಹಾಗೇ ಬೋರ್ಡಿನ ಮೇಲೆ ನಿಂತಿರೋ ಪುಟ್ಟ ಸಿಲಿಂಡರುಗಳ ತಲೆ ಚಪ್ಪಟೆಯಾಗಿದೆಯಾ, ದೋಸೆ ಥರ ಉಬ್ಬಿದೆಯಾ ನೋಡಿ. 2000ದ ಆಸುಪಾಸಿನ ಕೆಲವು ವರ್ಷ ತಯಾರಾದ ಎಷ್ಟೋ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್ ಬಂದು, ಅವು ಊದಿ, ಬೋರ್ಡುಗಳು ಸಾಲುಸಾಲಾಗಿ ಕೆಟ್ಟವು. ‘ಕೆಪಾಸಿಟರ್ ಊದಿದೆ’ ಅಂತ ಹುಡುಗ ಹೇಳಿದರೆ, ತೋರಿಸು ಅನ್ನಿ. ಅದು ಕಣ್ಣಿಗೆ ಕಾಣುತ್ತೆ.

ಡಿಸ್ಪ್ಲೇ ಬಂತು, ಅಕ್ಷರ ಬಂದು ನಿಂತಿತಾ? ಹಾಗಾದ್ರೆ ಅದನ್ನ ಅಕ್ಷರ ಅಕ್ಷರ ಬರೆದುಕೊಳ್ಳಿ. ದಿನಾಂಕ ಹತ್ತು ವರ್ಷ ಹಿಂದೆ ಹೋಗಿ, ಸಿಮೋಸ್ ಚೆಕ್‌ಸಮ್ ಅಂತೇನೋ ಹೇಳ್ತಿದ್ದರೆ ಅದು ಸಾಮಾನ್ಯವಾಗಿ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ. ಸಿಆರ್2032, 3 ವೋಲ್ಟ್, ವಾಚ್ ರಿಪೇರಿಯವರ ಹತ್ತಿರ ಸಿಗುತ್ತೆ. ದೊಡ್ಡ ಕಾಯಿಲೆಯೇ ಅಲ್ಲ.

ಇಲ್ಲಿವರೆಗೆ ಬಂದಿದ್ದರೆ ಒಂದು ವಿಷಯ ಗಮನಿಸಿ. ಇಷ್ಟು ಹೊತ್ತೂ ಹಾರ್ಡ್‌ಡಿಸ್ಕಿನ ಮಾತೇ ಬಂದಿಲ್ಲ. ಎಸ್‌ಎಂಪಿಎಸ್ ಸತ್ತಿರಲಿ, ರ್ಯಾಮ್ ಮುನಿಸಿಕೊಂಡಿರಲಿ, ಬೋರ್ಡೇ ಸುಟ್ಟಿರಲಿ, ನಿಮ್ಮ ಪತ್ರ, ಫೋಟೋ, ಲೆಕ್ಕ ಎಲ್ಲ ಇರೋದು ಹಾರ್ಡ್‌ಡಿಸ್ಕಿನಲ್ಲಿ. ಆ ಡಬ್ಬಿ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಬಹುತೇಕ ಹಾಗೇ ಸಿಗುತ್ತೆ. ವಿಂಡೋಸ್ ಕೆಟ್ಟಿದ್ದರೂ ಅಷ್ಟೇ. ಮನೆ ಬೀಗ ಕೆಟ್ಟರೆ ಒಳಗಿನ ಪಾತ್ರೆ ಪಗಡ ಮಾಯವಾಗಲ್ಲ.

ನಾನು ಓದಿದ ಪುಸ್ತಿಕೆ, ಲೇಖನಗಳಲ್ಲಿ ಹುಡುಕಿಯೂ ನನಗೆ ಮೊದಲ ಸಾಲಾಗಿ ಸಿಗದೇ ಹೋದ ವಾಕ್ಯ ಇದು: ‘ಕಂಪ್ಯೂಟರ್ ಏಳದಿದ್ದರೂ ನಿಮ್ಮ ಫೈಲು ಇನ್ನೂ ಅಲ್ಲೇ ಇದೆ, ಗಾಬರಿ ಬೇಡ, ಯಾರಿಗೂ ಅಳಿಸೋಕೆ ಬಿಡಬೇಡಿ.’ ಈ ಒಂದು ಸಾಲು ಇಲ್ಲದ್ದಕ್ಕೆ ಏನಾಗುತ್ತೆ ಅಂತ ನಮ್ಮ ಮನೆಯಲ್ಲೇ ನೋಡಿದೆ. ಅದನ್ನ ಹೇಳೋಕೇ ಇಷ್ಟು ಪೀಠಿಕೆ.

ನಮ್ಮ ಸೋದರಮಾವ ಸಾಗರದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ ಕಂಪ್ಯೂಟರ್ ತಗೊಂಡು ನುಡಿಯಲ್ಲಿ ಟೈಪ್ ಮಾಡೋದು ಕಲಿತರು. ಅಡಕೆ ತೋಟದ ಪದಗಳನ್ನ ಸೇರಿಸ್ತಿದ್ದರು. ಕೊನೆಗೌಡ, ಹಾಳೆ, ಸೋಗೆ, ಚೊಗರು, ಮೆಟ್ಟುಗತ್ತಿ, ಹೀಗೆ. ಒಂದೊಂದು ಪದಕ್ಕೂ ಅರ್ಥ, ಯಾವ ಊರಲ್ಲಿ ಹೇಗೆ ಅಂತಾರೆ, ಯಾರು ಹೇಳಿದ್ದು ಅಂತ. 900 ಚಿಲ್ಲರೆ ಪದ ಆಗಿತ್ತು. ಚೀಟಿಯಲ್ಲಿ ಬರೆದುಕೊಂಡು ಬರೋದು, ಟೈಪ್ ಮಾಡೋದು, ಆಮೇಲೆ ಆ ಚೀಟಿ ಬಚ್ಚಲ ಒಲೆಗೆ. ‘ಕಂಪ್ಯೂಟರಲ್ಲಿ ಬಂತಲ್ಲ ಮಾರಾಯ, ಇನ್ನು ಕಾಗದ ಯಾಕೆ?’ ಅನ್ನೋರು.

ಒಂದು ದಿನ ಬೆಳಿಗ್ಗೆ ಫೋನ್ ಬಂತು.

‘ಏನೋ, ಕಂಪ್ಯೂಟರ್ ಏಳ್ತಾ ಇಲ್ಲ ಕಣೋ.’
‘ಏನು ಬರ್ತಿದೆ ಮಾವ ಪರದೆ ಮೇಲೆ?’
‘ಎಂಥದೋ ಮಿಸ್ಸಿಂಗ್ ಅಂತಿದೆ.’
‘ಪೂರ್ತಿ ಓದಿ ಹೇಳಿ.’
‘ಎನ್, ಟಿ, ಎಲ್, ಡಿ, ಆರ್. ಈಸ್ ಮಿಸ್ಸಿಂಗ್.’

ನಾನು ಆಫೀಸಿಗೆ ಹೊರಟ ಗಡಿಬಿಡಿಯಲ್ಲಿದ್ದೆ. ಎನ್‌ಟಿಎಲ್‌ಡಿಆರ್ ಅಂದ್ರೆ ವಿಂಡೋಸ್ ಎಕ್ಸ್‌ಪಿಯನ್ನ ಎಬ್ಬಿಸುವ ಫೈಲು. ಅದಿಲ್ಲ ಅಂದ್ರೆ ವಿಂಡೋಸ್ ಕೆಟ್ಟಿದೆ ಅಂತ ನಾನೂ ಅಂದುಕೊಂಡೆ. ‘ವಿಂಡೋಸ್ ಹೋಗಿರಬೇಕು ಮಾವ, ಪೇಟೆಯಲ್ಲಿ ಯಾರಿಗಾದ್ರೂ ತೋರಿಸಿ’ ಅಂದೆ. ತೋರಿಸಿದರು. ಅಂಗಡಿಯವನೂ ಅದನ್ನೇ ಹೇಳಿದ: ‘ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು.’ ಮಾವ ಸರಿ ಅಂದರು. ಫಾರ್ಮ್ಯಾಟ್ ಅಂದ್ರೆ ಸರ್ವಿಸಿಂಗ್ ಇದ್ದ ಹಾಗೆ ಅಂದುಕೊಂಡಿದ್ದರಂತೆ. ಸಂಜೆಗೆ ಕಂಪ್ಯೂಟರ್ ಮನೆಗೆ ಬಂತು, ಹೊಸದರ ಹಾಗೆ ಓಡ್ತಿತ್ತು. ಮೈ ಡಾಕ್ಯುಮೆಂಟ್ಸ್ ಖಾಲಿ.

ನನಗೆ ಅವರು ಹೇಳಿದ್ದು ಎರಡು ತಿಂಗಳಾದ ಮೇಲೆ, ಹಬ್ಬಕ್ಕೆ ಹೋದಾಗ. ರಿಕವರಿ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲ ಹುಡುಕಿದೆ. ಅಷ್ಟರಲ್ಲಿ ಮೇಲೆ ಬೇರೆ ಏನೇನೋ ಬರೆದುಹೋಗಿತ್ತು. ಸಿಕ್ಕಿದ್ದು ಕೆಲವು ಚೂರು, ಅವೂ ಓದಲಾಗದ ಅಕ್ಷರಗಳು.

ಮಾರನೇ ದಿನ ಮಾವ ಒಂದು ಪ್ಲಾಸ್ಟಿಕ್ ಕವರ್ ತಂದುಕೊಟ್ಟರು. ‘ಅಂಗಡಿಯವ ಇದನ್ನ ವಾಪಸ್ ಕೊಟ್ಟಿದ್ದ, ಇದರಲ್ಲೇನಾದ್ರೂ ಇದೆಯಾ ನೋಡು.’ ಅದರಲ್ಲಿದ್ದದ್ದು ಒಂದು ಪೆನ್‌ಡ್ರೈವ್, ಯಾರದೋ ಗೃಹಪ್ರವೇಶದ ಫೋಟೋ ಹಾಕಿಸಿಕೊಂಡು ಬಂದಿದ್ದು. ಸಿಗಿಸಿ ನೋಡಿದೆ, ಪದ ಒಂದೂ ಇರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಕೂಗಿ ಸುಮ್ಮನಾಯ್ತು. ಕರೆಂಟ್ ಬಂದ ಮೇಲೆ ಬಟನ್ ಒತ್ತಿದೆ.

ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್.

ಪೆನ್‌ಡ್ರೈವ್ ಕಿತ್ತು ಮತ್ತೆ ಒತ್ತಿದೆ. ವಿಂಡೋಸ್ ಬಂತು.

ಆಗಿದ್ದು ಇಷ್ಟೇ. ಆ ಬೋರ್ಡಿನ ಸೆಟ್ಟಿಂಗ್‌ನಲ್ಲಿ ಮೊದಲು ಯುಎಸ್‌ಬಿಯಲ್ಲಿ ಹುಡುಕು, ಆಮೇಲೆ ಹಾರ್ಡ್‌ಡಿಸ್ಕ್ ಅಂತ ಇತ್ತು. ಪೆನ್‌ಡ್ರೈವ್ ಹಿಂದಿನ ಕಿಂಡಿಯಲ್ಲಿ ಮರೆತುಹೋಗಿತ್ತು. ಕಂಪ್ಯೂಟರ್ ಅದರಲ್ಲಿ ಎನ್‌ಟಿಎಲ್‌ಡಿಆರ್ ಹುಡುಕಿತು, ಇಲ್ಲ ಅಂತು, ನಿಂತಿತು. ಹಾರ್ಡ್‌ಡಿಸ್ಕಿನ ಕಡೆ ತಿರುಗಿಯೂ ನೋಡಿರಲಿಲ್ಲ. ವಿಂಡೋಸ್ ಹೋಗಿರಲಿಲ್ಲ. 900 ಪದ ಹೋಗಿರಲಿಲ್ಲ. ಪೆನ್‌ಡ್ರೈವ್ ಎಳೆದಿದ್ದರೆ ಮುಗೀತಿತ್ತು.

ಈಗ ಆ ವಾಕ್ಯವನ್ನ ವಿಮರ್ಶಕನಾಗಿ ಓದಿ. ‘ಎನ್‌ಟಿಎಲ್‌ಡಿಆರ್ ಇಲ್ಲ.’ ಸುಳ್ಳಲ್ಲ, ಪೂರ್ತಿ ನಿಜ. ಆದರೆ ಎಲ್ಲಿ ಇಲ್ಲ? ಯಾವ ಡಿಸ್ಕಿನಲ್ಲಿ ಇಲ್ಲ? ಇದಕ್ಕಿಂತ ಹಳೇ ಡಾಸ್ ಕಾಲದ ಫ್ಲಾಪಿ ಮರೆತಾಗ ಬರ್ತಿದ್ದ ಸಂದೇಶ ನೆನಪಿದೆಯಾ? ಇದು ಸಿಸ್ಟಂ ಡಿಸ್ಕ್ ಅಲ್ಲ, ಡಿಸ್ಕ್ ಬದಲಿಸಿ ಯಾವುದಾದರೂ ಕೀ ಒತ್ತಿ ಅಂತ ಅದು ಹೇಳ್ತಿತ್ತು. ಓದಿದ ತಕ್ಷಣ ಕೈ ಫ್ಲಾಪಿ ಹತ್ತಿರ ಹೋಗ್ತಿತ್ತು. ಎಕ್ಸ್‌ಪಿ ಕಾಲಕ್ಕೆ ಬಣ್ಣ ಬಂತು, ಹಸಿರು ಗುಡ್ಡದ ಚಿತ್ರ ಬಂತು, ಈ ಒಂದು ವಾಕ್ಯ ಮಾತ್ರ ಹಿಂದೆ ಹೋಯ್ತು. ಕೈ ಎಲ್ಲಿ ಇಡಬೇಕು ಅಂತ ಹೇಳೋದು ಬಿಟ್ಟು, ಯಾರಿಗೂ ಗೊತ್ತಿಲ್ಲದ ಫೈಲಿನ ಹೆಸರು ಹೇಳಿತು.

ಅಂಗಡಿಯವನ ವಾಕ್ಯವನ್ನೂ ಬಿಡೋ ಹಾಗಿಲ್ಲ. ಆಗಲೇ ಆ ಹುಡುಗರ ಕ್ರಿಯಾಪದಗಳನ್ನ ಹೊಗಳಿದೆ. ಒಂದೇ ಒಂದು ಕ್ರಿಯಾಪದ ಆ ಎಲ್ಲಾ ಒಳ್ಳೇದನ್ನೂ ಕೆಡಿಸುತ್ತೆ: ‘ಹೋಗಿದೆ.’ ಬರ್ತಿಲ್ಲ, ತಗೋತಿಲ್ಲ ಅನ್ನೋವು ನೋಡಿದ್ದನ್ನ ಹೇಳುವ ಮಾತು. ‘ಹೋಗಿದೆ’ ಅನ್ನೋದು ತೀರ್ಪು. ನಮ್ಮ ಭಾಷೆಯಲ್ಲಿ ಕರೆಂಟ್ ಹೋಗುತ್ತೆ, ಮಾನ ಹೋಗುತ್ತೆ, ಜೀವವೂ ಹೋಗುತ್ತೆ. ಕರೆಂಟ್ ಸಂಜೆಗೆ ಬರುತ್ತೆ, ಜೀವ ಬರಲ್ಲ. ಬೋರ್ಡ್ ಹೋಗಿದೆ, ವಿಂಡೋಸ್ ಹೋಗಿದೆ ಅಂದಾಗ ಕೇಳುವವನಿಗೆ ಎರಡನೇ ಅರ್ಥವೇ ಕೇಳಿಸೋದು. ಹೋದಮೇಲೆ ಇನ್ನೇನು, ಮುಂದಿನ ಕಾರ್ಯ ನಡೀಲಿ ಅಂತೀವಿ. ಆ ಬೆಳಿಗ್ಗೆ ಮೊದಲು ಆ ಪದ ಬಳಸಿದವನು ನಾನೇ ಅನ್ನೋದನ್ನ ಮರೆತಿಲ್ಲ.

ಅಂಗಡಿಯವನ ಮೇಲೆ ಮಾವನಿಗೆ ಸಿಟ್ಟಿರಲಿಲ್ಲ, ನನಗೂ ಈಗ ಇಲ್ಲ. ಫಾರ್ಮ್ಯಾಟ್ ಅಂದ್ರೆ ಇಂತಿಷ್ಟು ಅಂತ ರೇಟು ಇದೆ, ಸಿಡಿ ಹಾಕಿ ಬಿಟ್ಟರೆ ಆಯ್ತು. ಅರ್ಧ ದಿನ ಕೂತು ಹುಡುಕಿ, ಪೆನ್‌ಡ್ರೈವ್ ಎಳೆದು, ‘ಸರಿಹೋಯ್ತು ಸಾರ್, 200 ರೂಪಾಯಿ’ ಅಂದ್ರೆ ನಾವು ಕೊಡ್ತೀವಾ? ‘ಒಂದು ಕಡ್ಡಿ ಎಳೆದಿದ್ದಕ್ಕೆ 200ಆ?’ ಅಂತೀವಿ. ಸಾಮಾನು ಹಾಕಿದರೆ ದುಡ್ಡು ಕೊಡೋರು ನಾವು, ಯೋಚನೆ ಮಾಡಿದ್ದಕ್ಕೆ ಕೊಡಲ್ಲ. ಹಾಗಿರುವಾಗ ಅವನು ಯಾಕೆ ಯೋಚನೆ ಮಾಡಬೇಕು? ‘ಹೋಗಿದೆ’ ಅನ್ನೋ ಪದ ಅವನೊಬ್ಬನದಲ್ಲ, ನಮ್ಮಿಬ್ಬರ ವ್ಯಾಪಾರದಿಂದ ಹುಟ್ಟಿದ್ದು.

ಇಂಥ ಹೊತ್ತಿಗೆ ಕನ್ನಡ ಎಲ್ಲಿತ್ತು ಅಂತ ಕೇಳಬಹುದು. ವಿಂಡೋಸ್ ಎಕ್ಸ್‌ಪಿಯ ಮೆನುಗಳನ್ನ ಕನ್ನಡದಲ್ಲಿ ತೋರಿಸುವ ಪ್ಯಾಕ್ ಬಂದಿತ್ತು. ನುಡಿ, ಬರಹ ಇದ್ದವು. ಆದರೆ ಇವೆಲ್ಲ ಬರೋದು ವಿಂಡೋಸ್ ಎದ್ದ ಮೇಲೆ. ಅದಕ್ಕೆ ಮುಂಚೆ ಪರದೆ ಮೇಲೆ ಬರೆಯುತ್ತಿದ್ದ ಆಗಿನ ಬಯೋಸಿನ ಹತ್ತಿರ ಇದ್ದದ್ದು 256 ಅಕ್ಷರ ಚಿತ್ರಗಳ ಒಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಗೆರೆ, ಚೌಕ, ಇಸ್ಪೀಟಿನ ಹಾರ್ಟು, ಡೈಮಂಡು ಎಲ್ಲ ಇದ್ದವು, ‘ಅ’ ಇರಲಿಲ್ಲ. ಕಂಪ್ಯೂಟರ್ ಆರೋಗ್ಯವಾಗಿದ್ದಾಗ ಕನ್ನಡ ಮಾತಾಡುತ್ತೆ, ಕಾಯಿಲೆ ಬಿದ್ದಾಗ ಇಂಗ್ಲಿಷಿನಲ್ಲಿ ನರಳುತ್ತೆ. ನಮ್ಮೂರ ದೊಡ್ಡಾಸ್ಪತ್ರೆಯ ಕಥೆಯೂ ಇದೇ ತಾನೇ, ವಿಚಾರಿಸೋದು ಕನ್ನಡದಲ್ಲಿ, ರಿಪೋರ್ಟ್ ಇಂಗ್ಲಿಷಿನಲ್ಲಿ.

ಹಾಗಾಗಿ ಕೆಟ್ಟ ಕಂಪ್ಯೂಟರಿಗೆ ಕನ್ನಡ ಕಲಿಸೋ ಜಾಗ ಕಂಪ್ಯೂಟರ್ ಅಲ್ಲ, ಕಾಗದ. ಇಂಟರ್‌ನೆಟ್ಟಿನಲ್ಲಿ ಎಷ್ಟು ಚೆನ್ನಾಗಿ ಬರೆದಿಟ್ಟರೂ, ಇರೋ ಒಂದೇ ಕಂಪ್ಯೂಟರ್ ಏಳದೇ ಇದ್ದಾಗ ಅದನ್ನ ಓದೋದು ಎಲ್ಲಿ? ಇದು ಗೊತ್ತಾಗಿದ್ದು ನಮ್ಮಲ್ಲಿ ಒಬ್ಬರಿಗೆ ಮಾತ್ರ.

ಹೋದ ಸಲ ಊರಿಗೆ ಹೋದಾಗ ಮಾವನ ಸಿಪಿಯು ಡಬ್ಬದ ಮೇಲೆ ಒಂದು ಕಾಗದ ಅಂಟಿಸಿತ್ತು. ನೀಲಿ ಇಂಕಿನಲ್ಲಿ ಮೇಷ್ಟ್ರ ದುಂಡು ಅಕ್ಷರ. ಇಡೀ ಕೃತಿ ಇಷ್ಟೇ:

1. ಪೆನ್‌ಡ್ರೈವ್, ಸಿ.ಡಿ. ಇದ್ದರೆ ತೆಗೆ.
2. ಯುಪಿಎಸ್ ದೀಪ ಇದೆಯೇ?
3. ಫ್ಯಾನಿನ ಸದ್ದು ಇದೆಯೇ?
4. ಅಕ್ಷರ ಬಂತೇ? ಬಂದರೆ ಬರೆದುಕೊ. ಓದಿ ಹೇಳುವುದಲ್ಲ, ಬರೆದುಕೊ.
5. ಫಾರ್ಮ್ಯಾಟ್ ಅಂದರೆ ಬೇಡ ಅನ್ನು.

ಕಂಪ್ಯೂಟರ್ ಏಳದಿದ್ದಾಗ ಓದಲು ಕನ್ನಡದಲ್ಲಿ ನಾನು ಕಂಡ ಬರಹಗಳಲ್ಲಿ ಇದೇ ಒಳ್ಳೇದು. ಒಂದೂ ಕಷ್ಟದ ಪದ ಇಲ್ಲ, ಎಲ್ಲ ಸಾಲಿಗೂ ಕೈಗೋ ಕಣ್ಣಿಗೋ ಕಿವಿಗೋ ಬಾಯಿಗೋ ಕೆಲಸ ಇದೆ. ಆದರೂ ವಿಮರ್ಶಕನ ಚಟ ಬಿಡುತ್ತಾ? ಕ್ರಮ ತಪ್ಪಿದೆ ಅಂದೆ. ‘ಮಾವ, ಯುಪಿಎಸ್ ದೀಪ ಮೊದಲು ನೋಡ್ಬೇಕು. ಕರೆಂಟೇ ಇಲ್ಲದಿದ್ದರೆ ಪೆನ್‌ಡ್ರೈವ್ ತೆಗೆದು ಏನು ಮಾಡ್ತೀರಿ?’

ಅವರು ಕನ್ನಡಕ ಹಣೆ ಮೇಲೆ ಏರಿಸಿ ಕಾಗದವನ್ನ ಒಂದು ಸಲ ನೋಡಿದರು.

‘ನಿನ್ನ ಕ್ರಮ ಸರಿ ಇರಬಹುದು. ಆದ್ರೆ ನಂಗೆ ಪೆಟ್ಟು ಬಿದ್ದಿದ್ದು ಒಂದರಿಂದ. ಅದು ಒಂದೇ ಇರಲಿ ಬಿಡು.’

ಪದಗಳನ್ನ ಮತ್ತೆ ಶುರು ಮಾಡಿದಾರೆ. 340 ಆಗಿದೆ. ವಾರಕ್ಕೊಂದು ಸಲ ಸಿಡಿಗೆ ಹಾಕ್ತಾರೆ, ಸಿಡಿ ಹೊರಗೆ ತೆಗೆದಿಡ್ತಾರೆ. ಚೀಟಿಗಳು ಈಗ ಒಲೆಗೆ ಹೋಗ್ತಾ ಇಲ್ಲ, ಒಂದು ಬಿಸ್ಕೆಟ್ ಡಬ್ಬದಲ್ಲಿವೆ.